ಹಂಡೆ ನೀರಿಗೆ ಬಿದ್ದ ಸ್ವೆಟರ್

ಅಮ್ಮ ಹೆಣೆದುಕೊಟ್ಟ ಮೆರೂನ್ ಸ್ವೆಟರ್ ಒಂದಿತ್ತು. ಮದುವೆಯಾಗಿ ತೀರ್ಥಹಳ್ಳಿ ಕಡೆಗೆ ಬಂದ ಹೊಸದರಲ್ಲಿ ಅದನ್ನು ಬಚ್ಚಲು ಹಂಡೆಯ ಬಿಸಿನೀರಿನಲ್ಲಿ ನೆನೆಸಿದೆ. ಬಟ್ಟೆ ಸೋಪು ಹಚ್ಚಿ ಬ್ರಷ್ ಹಾಕಿ ಉಜ್ಜಿದೆ. ಸಾಲದು ಅಂತ ನಾಲ್ಕು ಸಲ ಕಲ್ಲಿಗೂ ಕುಕ್ಕಿದೆ. ಒಣಗಿದ ಮೇಲೆ ನೋಡಿದರೆ ಆರು ವರ್ಷದ ಹುಡುಗನಿಗೆ ಆಗುವಷ್ಟಿತ್ತು! ಮುಟ್ಟಿದರೆ ರಟ್ಟು. ಹೆಣಿಗೆಯ ಕಣ್ಣುಗಳೇ ಕಾಣುತ್ತಿರಲಿಲ್ಲ. ಅಮ್ಮ ಕೇಳಿದರೆ ಏನು ಹೇಳೋದು ಅಂತ ಅಟ್ಟದಲ್ಲಿ ಬಚ್ಚಿಟ್ಟೆ.

ಉಣ್ಣೆ ಅಂದರೆ ಕೂದಲು ತಾನೇ. ಅದರ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡುಬಿಡುತ್ತವೆ. ಆಮೇಲೆ ಎಷ್ಟು ಎಳೆದರೂ ಮೊದಲಿನಂತೆ ಆಗುವುದಿಲ್ಲ. ಹಾಗೆ ಗಟ್ಟಿಯಾದದ್ದನ್ನು ಕತ್ತರಿಸಿದರೆ ದಾರ ಬಿಚ್ಚುವುದಿಲ್ಲ ಅನ್ನೋದೊಂದೇ ಲಾಭ. ಕೊನೆಗೆ ಅಮ್ಮನೇ ಅದನ್ನು ಚೌಕ ಚೌಕ ಕತ್ತರಿಸಿ ಮಸಿಬಟ್ಟೆ ಮಾಡಿಕೊಟ್ಟರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈಗ ನಾನು ಒಗೆಯುವುದನ್ನೇ ಕಮ್ಮಿ ಮಾಡಿದ್ದೇನೆ. ಒಳಗೆ ಕಾಟನ್ ಅಂಗಿ ಹಾಕಿದರೆ ಬೆವರು ಸ್ವೆಟರ್‌ಗೆ ಅಷ್ಟಾಗಿ ಹತ್ತುವುದಿಲ್ಲ. ಸ್ವಲ್ಪ ವಾಸನೆ ಬಂದರೆ ರಾತ್ರಿ ಜಗಲಿಯಲ್ಲಿ ಗಾಳಿಗೆ ಹರಡುತ್ತೇನೆ, ಬೆಳಿಗ್ಗೆಗೆ ಹೋಗಿರುತ್ತದೆ. ಒಂದು ಚಳಿಗಾಲಕ್ಕೆ ಎರಡು ಸಲ ನೀರಿಗೆ ಹಾಕಿದರೆ ಜಾಸ್ತಿ.

ಒಗೆಯುವ ದಿನ ಅರ್ಧ ಬಕೆಟ್ ನೀರು. ಕೈಗೆ ತಣ್ಣಗೂ ಅಲ್ಲ, ಬಿಸಿಯೂ ಅಲ್ಲ ಅನ್ನಿಸಬೇಕು. ಉಣ್ಣೆಗೆ ಅಂತಲೇ ಬರುವ ಲಿಕ್ವಿಡ್ ಎರಡು ಚಮಚ ಹಾಕಿ ಕದಡಿ, ಆಮೇಲೆ ಬಟ್ಟೆ ಮುಳುಗಿಸುತ್ತೇನೆ. ದಿನದ ಬಟ್ಟೆಗೆ ಹಾಕುವ ಪೌಡರ್ ಬೇಡ. ಅದರಲ್ಲಿ ಕ್ಷಾರ ಜಾಸ್ತಿ. ರಕ್ತ, ಹಾಲಿನಂಥ ಪ್ರೋಟೀನ್ ಕಲೆ ಕರಗಿಸಲು ಕೆಲವದರಲ್ಲಿ ಎಂಜೈಮ್ ಇರುತ್ತದೆ. ಉಣ್ಣೆಯೂ ಪ್ರೋಟೀನೇ ಆದ್ದರಿಂದ ಅದು ಎಳೆಯನ್ನೇ ತಿನ್ನುತ್ತದೆ. ಬ್ಲೀಚ್ ಅಂತೂ ಹತ್ತಿರವೂ ಸುಳಿಯಬಾರದು. ಗಾಢ ಬಣ್ಣದ್ದಾದರೆ ಅಂಟುವಾಳ ಕಾಯಿ ನನಗೆ ಇಷ್ಟ. ಎಂಟು ಹತ್ತು ಕಾಯಿ ಬೀಜ ತೆಗೆದು ರಾತ್ರಿ ನೆನೆಸಿ, ಕುದಿಸಿ, ಸೋಸಿ, ಆರಿಸಿಕೊಳ್ಳಬೇಕು. ಬಿಳಿ ಸ್ವೆಟರ್‌ಗೆ ಮಾತ್ರ ಆ ಕಂದು ನೀರು ಬೇಡ.

ಹತ್ತು ನಿಮಿಷ ಮೆತ್ತಗೆ ಒತ್ತಿ ಬಿಡುವುದಷ್ಟೇ ಕೆಲಸ. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಬೇಕು. ಉಗುರುಬೆಚ್ಚಗಿನ ನೀರಿನಿಂದ ತೆಗೆದು ಬಾವಿಯ ತಣ್ಣೀರಿಗೆ ಅದ್ದಬಾರದು.

ಒಣಗಿಸುವುದೇ ನಮ್ಮ ಕಡೆ ದೊಡ್ಡ ತಲೆನೋವು. ನೆನೆದ ಉಣ್ಣೆ ಕಲ್ಲಿನಷ್ಟು ಭಾರ. ಹಾಗೇ ಎತ್ತಿ ತಂತಿಗೆ ಹಾಕಿದರೆ ತೋಳು ಮೊಣಕಾಲಿಗೆ ಇಳಿಯುತ್ತದೆ. ಹಿಂಡಿದರೆ ಸೊಟ್ಟಗಾಗುತ್ತದೆ. ಅದಕ್ಕೇ ಕೆಳಗಿನಿಂದ ಎರಡೂ ಕೈಯಲ್ಲಿ ಎತ್ತಿ ದಪ್ಪ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಒತ್ತುತ್ತೇನೆ. ಮಗ ಚಿಕ್ಕವನಿದ್ದಾಗ ಅದರ ಮೇಲೆ ನಿಂತು ತುಳಿಯುವುದು ಅವನ ಕೆಲಸ. ಆಮೇಲೆ ಅಡಿಕೆ ಒಣಗಿಸುವ ತಟ್ಟಿ ಇದೆಯಲ್ಲ, ಅದರ ಮೇಲೆ ಹಳೇ ಪಂಚೆ ಹಾಸಿ ನೆರಳಲ್ಲಿ ಹರಡುತ್ತೇನೆ. ಕೆಳಗಿನಿಂದಲೂ ಗಾಳಿ ಆಡುತ್ತದೆ. ತೋಳು, ಕತ್ತು, ಅಂಚು ಕೈಯಿಂದ ಸರಿಮಾಡಬೇಕು. ಹೇಗೆ ಇಟ್ಟಿರುತ್ತೇವೋ ಹಾಗೇ ಒಣಗುತ್ತದೆ. ಸಂಜೆ ಒಮ್ಮೆ ತಿರುವಿ ಹಾಕಬೇಕು. ಮುಟ್ಟಿ ಒಣಗಿದೆ ಅಂತ ನಂಬಬೇಡಿ, ಉಣ್ಣೆ ಒಳಗೆ ತೇವ ಇಟ್ಟುಕೊಂಡೂ ಒಣಗಿದ ಹಾಗೇ ಕಾಣುತ್ತದೆ. ನಾನು ಇನ್ನೊಂದು ಪೂರ್ತಿ ದಿನ ಬಿಡುತ್ತೇನೆ. ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ನೇತುಹಾಕಿದರೆ ಒಣಗುತ್ತದೆ ನಿಜ, ಆದರೆ ಹೊಗೆ ವಾಸನೆ ಮುಂದಿನ ವರ್ಷದವರೆಗೂ ಬಿಡುವುದಿಲ್ಲ. ಅದಕ್ಕೇ ಜೂನ್‌ಗೆ ಮುಂಚೆಯೇ ಒಗೆದು ಮುಗಿಸಿಬಿಡುವುದು.

ಮಾವನ ಚಳ್ಳಕೆರೆ ಕಂಬಳಿಗೆ ಮಾತ್ರ ಇದ್ಯಾವುದೂ ಇಲ್ಲ. ಅದರ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯ್ದಿರುತ್ತಾರೆ. ಒಗೆದರೆ ಆ ಬಿಗಿ ಹೋಗುತ್ತದೆ. "ಅದಕ್ಕೆ ನೀರು ತೋರಿಸಬೇಡ ಕಣಮ್ಮಾ" ಅನ್ನುತ್ತಿದ್ದರು ಮಾವ. ಆದರೆ ಮಳೆಯಲ್ಲಿ ಅದನ್ನೇ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಡುತ್ತಿದ್ದರು! ನಾನು ಅದನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ಧೂಳು ಉದುರಿಸಿ ಎತ್ತಿಡುತ್ತೇನೆ, ಅಷ್ಟೇ.

ಎತ್ತಿಡುವ ಪಾಠ ಕಲಿಸಿದ್ದು ನನ್ನ ಶಾಲು. ಮದುವೆ ಮನೆಯಲ್ಲಿ ಹೋಳಿಗೆ ತುಪ್ಪ ಬಿದ್ದಿತ್ತು. ಒರೆಸಿ ಹಾಗೇ ಮಡಚಿಟ್ಟೆ. ಮುಂದಿನ ಚಳಿಗೆ ತೆಗೆದರೆ ಸರಿಯಾಗಿ ಆ ಕಲೆ ಇದ್ದಲ್ಲೇ ತೂತು. ಹಾರುವ ನುಸಿ ಬಟ್ಟೆ ತಿನ್ನುವುದಿಲ್ಲ, ಅದರ ಮರಿಹುಳ ತಿನ್ನುತ್ತದೆ. ಬೆವರು, ಎಣ್ಣೆ, ಊಟದ ಕಲೆ ಇದ್ದರೆ ಅದಕ್ಕೆ ಹಬ್ಬ. ಹಾಗಾಗಿ ಒಮ್ಮೆಯೇ ಉಟ್ಟಿದ್ದರೂ ಕಲೆಯಾಗಿದ್ದನ್ನು ಒಗೆಯದೆ ಟ್ರಂಕಿಗೆ ಹಾಕುವುದಿಲ್ಲ.

ಡಾಂಬರ್ ಗುಳಿಗೆ ಬಿಟ್ಟು ಬಹಳ ವರ್ಷವಾಯಿತು. ಅದರ ಆವಿ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಬಾಯಿಗೆ ಹಾಕಿಕೊಂಡರಂತೂ ವಿಷ. ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಲಾವಂಚದ ಬೇರು, ಬಜೆ ತುಂಡು ಇಡುತ್ತೇನೆ. ಇವು ನುಸಿಯನ್ನು ಕೊಲ್ಲುತ್ತವೆ ಅಂತ ನಾನು ನೆಚ್ಚಿಲ್ಲ, ವಾಸನೆ ಚೆನ್ನಾಗಿರುತ್ತದೆ ಅಷ್ಟೇ. ಪ್ಲಾಸ್ಟಿಕ್ ಕವರ್‌ನಲ್ಲಿ ಒಂಚೂರು ತೇವ ಉಳಿದರೂ ಬೂಸ್ಟು ಹಿಡಿಯುತ್ತದೆ. ಸ್ವೆಟರ್‌ಗಳನ್ನು ಹ್ಯಾಂಗರ್‌ಗೆ ಹಾಕದೆ ಮಡಚಿಯೇ ಇಡುತ್ತೇನೆ. ಶ್ರಾವಣದಲ್ಲಿ ಒಂದು ದಿನ ಬಿಸಿಲು ಬಿದ್ದರೆ ಸಾಕು, ಎಲ್ಲ ಹೊರಗೆ ತೆಗೆದು ಕೊಡವಿ, ಮಡಿಕೆ ಬದಲಾಯಿಸಿ ಒಳಗಿಡುತ್ತೇನೆ. ನುಸಿಗೆ ಕತ್ತಲೆ ಬೇಕು, ಯಾರೂ ಅಲುಗಿಸಬಾರದು. ಆ ನೆಮ್ಮದಿ ಕೊಡಬಾರದು.

ನುಸಿ ಹಿಡಿದ ಅನುಮಾನ ಬಂದ ಬಟ್ಟೆಯನ್ನು, ಹುಳ ಚಳಿಗೆ ಸಾಯಲಿ ಅಂತ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡುತ್ತೇನೆ. ಹೊರಗೆ ತೆಗೆದು ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚುವುದಿಲ್ಲ. ಇಲ್ಲದಿದ್ದರೆ ಬಟ್ಟೆ ಮೇಲೇ ನೀರು ಕೂರುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವ ಚಂದಕ್ಕೆ ಇದನ್ನೂ ಮಳೆಗಾಲಕ್ಕೆ ಮುಂಚೆಯೇ ಮಾಡಬೇಕು.