ಸ್ಯಾಡಲ್ ಕಟ್ಟಿ ಮರ ಹತ್ತುವುದು: ಹಕ್ಕಿ ನೋಡುವವರಿಗೆ ಒಬ್ಬ ಹಳೆ ಲೈನ್‌ಮನ್ ಹೇಳುವುದು

ನಾನು 31 ವರ್ಷ ಬೆಳಗಾವಿ ಸುತ್ತಮುತ್ತ ಲೈನ್‌ಮನ್ ಆಗಿ ಕಂಬ ಹತ್ತಿದವನು. ನಿವೃತ್ತಿ ಆದಮೇಲೆ ಕೈ ಸುಮ್ನೆ ಇರಲಿಲ್ಲ. ಈಗ ಖಾನಾಪುರ ತಾಲ್ಲೂಕಿನ ನಾಗರಗಾಳಿ ಹತ್ತಿರ, ನನ್ನ ತಂಗಿಯ ಹೊಲದ ಬದುವಿನಲ್ಲಿರುವ ಮತ್ತಿ ಮರದಲ್ಲಿ ಕೂತು ಹಕ್ಕಿ ನೋಡುತ್ತೇನೆ, ಫೋಟೋ ತೆಗೆಯುತ್ತೇನೆ. ಕೂರುವುದು ಕೊಂಬೆ ಮೇಲಲ್ಲ, ಅಟ್ಟದ ಮೇಲೂ ಅಲ್ಲ. ಸ್ಯಾಡಲ್‌ನಲ್ಲಿ.

ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಆ ಜೋಕಾಲಿಯ ಹಲಗೆ ಜಾಗದಲ್ಲಿ ಅಗಲವಾದ ಗಟ್ಟಿ ಬಟ್ಟೆ ಪಟ್ಟಿ ಇದೆ, ಅದು ನಿಮ್ಮ ಕುಂಡಿಯನ್ನೂ ತೊಡೆಯನ್ನೂ ಹಿಡಿದುಕೊಂಡಿದೆ ಅಂದುಕೊಳ್ಳಿ. ಮುಂದುಗಡೆ ಎರಡೂ ಸೊಂಟದಿಂದ ಬಂದ ಒಂದು ಹಗ್ಗದ ಕಮಾನು. ಅದಕ್ಕೆ ಬ್ರಿಡ್ಜ್ ಅನ್ನುತ್ತಾರೆ. ಮರದ ಕಾಂಡಕ್ಕೆ ಸುತ್ತಿದ ಇನ್ನೊಂದು ಹಗ್ಗ ಟೆದರ್. ಬ್ರಿಡ್ಜನ್ನು ಕ್ಯಾರಾಬೀನರ್‌ನಿಂದ, ಅಂದರೆ ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿಯಿಂದ, ಟೆದರ್‌ಗೆ ಸಿಕ್ಕಿಸಿ, ಕಾಲನ್ನು ಕಾಂಡಕ್ಕೆ ಕಟ್ಟಿದ ಒಂದು ಚಿಕ್ಕ ಪ್ಲಾಟ್‌ಫಾರ್ಮ್ ಮೇಲಿಟ್ಟು, ಹಿಂದಕ್ಕೆ ವಾಲಿದರೆ ಆಯಿತು. ನೀವು ಮರಕ್ಕೆ ಮುಖ ಮಾಡಿರುತ್ತೀರಿ. ಕಾಂಡವೇ ನಿಮಗೆ ಮರೆ.

ಈ ಪದ್ಧತಿ ಅಮೆರಿಕದ ಬಿಲ್ಲು ಬೇಟೆಗಾರರಿಂದ ಜನಪ್ರಿಯ ಆಯಿತು. ಬಿಲ್ಲಿನಿಂದ ಜಿಂಕೆ ಹೊಡೆಯಬೇಕಾದರೆ ಅದು ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. ಅಷ್ಟು ಹತ್ತಿರ ಬರುವ ಪ್ರಾಣಿಗೆ ನಿಮ್ಮ ಸದ್ದು, ಅಲುಗಾಟ ಗೊತ್ತಾಗಬಾರದು. ಮರಕ್ಕೆ ಕಟ್ಟಿ ಕೂರುವ ಕಬ್ಬಿಣದ ಸ್ಟ್ಯಾಂಡ್ ಹೊತ್ತು ಒಯ್ಯುವುದಕ್ಕಿಂತ ಚೀಲದಲ್ಲಿ ಮಡಚಿಡುವ ಸ್ಯಾಡಲ್ ಹಗುರ. ಅಲ್ಲಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಅಡಿ ಎತ್ತರದಲ್ಲಿ ಕೂರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆ ಅಪರಾಧ. ನನಗೂ ಬೇಟೆ ಬೇಡ. ಕೂರುವ ವಿದ್ಯೆ ಮಾತ್ರ ತೆಗೆದುಕೊಂಡಿದ್ದೇನೆ. ಬಿಲ್ಲಿನ ಜಾಗದಲ್ಲಿ ದುರ್ಬೀನು, ಕ್ಯಾಮೆರಾ. ಇನ್ನೊಂದು ಮಾತು. ಭೀಮಗಡದಂಥ ಅಭಯಾರಣ್ಯ ಇರಲಿ, ಮೀಸಲು ಕಾಡು ಇರಲಿ, ಅನುಮತಿ ಇಲ್ಲದೆ ಒಳಗೆ ಹೋಗಿ ಮರ ಹತ್ತಬೇಡಿ. ನಿಮ್ಮ ಹೊಲ, ನಿಮ್ಮವರ ತೋಟ, ಅಷ್ಟೇ.

ಈಗ ಮುಖ್ಯ ವಿಷಯ. ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಹಿರಿಯ ಲೈನ್‌ಮನ್ ಒಬ್ಬರು ನನ್ನ ಬೆಲ್ಟ್ ಹಿಡಿದು ಜಗ್ಗಿ ಹೇಳಿದ್ದರು: "ತಮ್ಮಾ, ಇನ್ನೊಂದು ಹಗ್ಗ ಹಾಕೋತನಕ ಇದನ್ನ ಬಿಚ್ಚಬ್ಯಾಡ." ಮರಕ್ಕೂ ಅದೇ ಮಾತು. ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಒಂದಲ್ಲ ಒಂದು ಹಗ್ಗ ನಿಮ್ಮನ್ನು ಮರಕ್ಕೆ ಹಿಡಿದಿರಲೇಬೇಕು. ಹತ್ತುವಾಗ ಸೊಂಟದ ಎರಡೂ ಬದಿಯ ಕುಣಿಕೆಗೆ ಸಿಕ್ಕಿಸಿ ಕಾಂಡದ ಸುತ್ತ ಹಾಕುವ ಹಗ್ಗ. ಇದಕ್ಕೆ ಲೈನ್‌ಮನ್ಸ್ ರೋಪ್ ಎಂದೇ ಹೆಸರು. ಮೇಲೆ ಹೋದಮೇಲೆ ಟೆದರ್. ಟೆದರ್ ಹಾಕಿ, ಭಾರ ಬಿಟ್ಟು ನೋಡಿ, ಆಮೇಲೆ ಮೊದಲನೆಯದು ಬಿಚ್ಚಿ. ನಡುವೆ ಕೊಂಬೆ ಅಡ್ಡ ಬಂದರೆ ಎರಡನ್ನೂ ಹಾಕಿ, ಒಂದೊಂದಾಗಿ ದಾಟಿಸಿ.

ಸಾಮಾನಿನ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಎತ್ತು ಕಟ್ಟುವ ನೈಲಾನ್ ಹಗ್ಗ, ಲಾರಿಯವರ ಹಗ್ಗ, ಬಾವಿಯ ಹಗ್ಗ ಯಾವುದೂ ಬೇಡ. ಟೆದರ್‌ಗೆ ನಾನು 11 ಮಿ.ಮೀ. ಸ್ಟ್ಯಾಟಿಕ್ ಹಗ್ಗ, ಅಂದರೆ ಹಿಗ್ಗದ ಹಗ್ಗ, ಬಳಸುತ್ತೇನೆ. ಒಳಗೆ ತಿರುಳು, ಹೊರಗೆ ನೇಯ್ದ ಹೊದಿಕೆ ಇರುವಂಥದ್ದು, ಬೆಟ್ಟ ಹತ್ತುವವರ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾರಾಬೀನರ್ ಮೇಲೆ ಕಿಲೋನ್ಯೂಟನ್ ಅಂಕಿ ಕೆತ್ತಿರಬೇಕು. 22 ಅಂತ ಇದ್ದರೆ ಸುಮಾರು 2,200 ಕೆ.ಜಿ. ಎಳೆತ ತಡೆಯುತ್ತದೆ ಎಂದು ಅರ್ಥ. ಅಂಕಿ ಇಲ್ಲದ, ಕೀಚೈನ್‌ಗೆ ಹಾಕುವ ಹೊಳೆಯುವ ಕೊಂಡಿ ಮುಟ್ಟಲೂಬೇಡಿ. ಬಾಯಿ ತಾನೇ ಲಾಕ್ ಆಗುವಂಥದ್ದೇ ಇರಲಿ. ಸ್ಯಾಡಲ್‌ಗಳ ಮೇಲೆ ತೂಕದ ಮಿತಿ ಬರೆದಿರುತ್ತದೆ, ಹೆಚ್ಚಿನವಕ್ಕೆ 300 ಪೌಂಡ್, ಅಂದರೆ 136 ಕೆ.ಜಿ. ದರ್ಜಿ ಹತ್ತಿರ ಕ್ಯಾನ್ವಾಸ್ ಹೊಲಿಸಿಕೊಳ್ಳುವ ಯೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಸ್ಯಾಡಲ್ ಸಿಗುವವರೆಗೆ ಐಎಸ್ 3521 (ಸುರಕ್ಷಾ ಬೆಲ್ಟ್, ಹಾರ್ನೆಸ್‌ಗಳ ಭಾರತೀಯ ಮಾನಕ) ಗುರುತಿರುವ, ಸೊಂಟದ ಎರಡೂ ಬದಿ ರಿಂಗ್ ಇರುವ, ಮೈಗೆಲ್ಲ ಪಟ್ಟಿ ಸುತ್ತುವ ಫುಲ್ ಬಾಡಿ ಹಾರ್ನೆಸ್‌ನಲ್ಲೇ ಕಲಿಯಬಹುದು. ಆರಾಮ ಕಡಿಮೆ, ಜೀವ ಭದ್ರ.

ಹಗ್ಗವನ್ನು ಉದ್ದ ಗಿಡ್ಡ ಮಾಡುವುದು ಪ್ರುಸಿಕ್ ಗಂಟಿನಿಂದ. ಇದನ್ನು ಕೈಯಲ್ಲಿ ಹಿಡಿದು ಕಲಿಯಬೇಕು. 7 ಅಥವಾ 8 ಮಿ.ಮೀ. ಸಣ್ಣ ಹಗ್ಗದ ಒಂದು ಕುಣಿಕೆ ತೆಗೆದುಕೊಳ್ಳಿ. ಅದನ್ನು ದಪ್ಪ ಹಗ್ಗದ ಮೇಲೆ, ಕುಣಿಕೆಯೊಳಗಿಂದಲೇ ಮೂರು ಸಲ ಸುತ್ತಿ ಹೊರಗೆ ಎಳೆಯಿರಿ. ಸುತ್ತುಗಳು ಕೈಯಲ್ಲಿ ತೊಟ್ಟ ಬಳೆಗಳ ಹಾಗೆ ಒಂದರ ಪಕ್ಕ ಒಂದು ಕೂತಿರಬೇಕು. ಒಂದರ ಮೇಲೊಂದು ಹತ್ತಿದ್ದರೆ ಬಿಚ್ಚಿ ಮತ್ತೆ ಹಾಕಿ. ಬ್ರಿಡ್ಜಿನ ಕ್ಯಾರಾಬೀನರ್ ಸಿಕ್ಕಿಸುವುದು ಈ ಕುಣಿಕೆಗೇ. ಭಾರ ಬಿದ್ದಾಗ ಗಂಟು ಹಗ್ಗವನ್ನು ಕಚ್ಚುತ್ತದೆ, ಭಾರ ತೆಗೆದು ಬೆರಳಿಂದ ತಳ್ಳಿದರೆ ಜಾರುತ್ತದೆ. ಸಣ್ಣ ಹಗ್ಗ ದಪ್ಪ ಹಗ್ಗದಷ್ಟೇ ಗಾತ್ರ ಇದ್ದರೆ ಸರಿಯಾಗಿ ಕಚ್ಚುವುದಿಲ್ಲ. ಟೆದರ್‌ನ ಕೆಳತುದಿಗೆ ಒಂದು ಗಟ್ಟಿ ಗಂಟು ಹಾಕಿಡಿ. ಪ್ರುಸಿಕ್ ಜಾರಿದರೂ ಆ ಗಂಟಿನ ಹತ್ತಿರ ನಿಲ್ಲುತ್ತದೆ.

ಮರ ಆರಿಸುವುದರಲ್ಲಿ ನಮ್ಮ ಕಡೆಯ ಜ್ಞಾನವೇ ಬೇಕು. ಬದುಕಿರುವ, ನೆಟ್ಟಗಿರುವ ಮರ ಇರಲಿ. ತಬ್ಬಿದರೆ ಒಂದು ಕೈಯ ಬೆರಳು ಇನ್ನೊಂದು ಕೈಯ ಮೊಣಕೈ ಹತ್ತಿರ ಬರುವಷ್ಟು ಗಾತ್ರ ನನಗೆ ಹಿಡಿಸುತ್ತದೆ. ಮತ್ತಿ ಒಳ್ಳೆಯದು. ತೊಗಟೆ ಮೊಸಳೆ ಚರ್ಮದ ಹಾಗೆ ಒಡೆದಿರುವುದರಿಂದ ಸುತ್ತಿದ ಹಗ್ಗ ಜಾರುವುದಿಲ್ಲ. ಹುಣಸೆ, ಸಾಗುವಾನಿ ಕೂಡ ಸರಿ. ನೀಲಗಿರಿಯ ತೊಗಟೆ ಸಿಪ್ಪೆ ಸಿಪ್ಪೆ ಎದ್ದು ಜಾರುತ್ತದೆ. ನುಗ್ಗೆಯನ್ನು ನಂಬಲೇಬೇಡಿ. ನೇರಳೆ ಕೊಂಬೆ ಯಾವಾಗ ಮುರಿಯುತ್ತದೋ ಹೇಳಲಾಗದು. ಹಳೆ ಮರದ ಕಂಬ ಹತ್ತುವ ಮೊದಲು ನಾವು ಸುತ್ತಿಗೆಯಿಂದ ಬಡಿದು ನೋಡುತ್ತಿದ್ದೆವು. ಇಲ್ಲಿಯೂ ಹಾಗೇ ಮಾಡಿ. ಡೊಳ್ಳಿನ ಸದ್ದು ಬಂದರೆ ಒಳಗೆ ಟೊಳ್ಳು.

ಬಡಿದ ಮೇಲೆ ತಲೆ ಎತ್ತಿ ಐದು ನಿಮಿಷ ನೋಡಿ. ಹೆಜ್ಜೇನು ಇದೆಯಾ? ಒಣ ಕೊಂಬೆ ತೂಗುತ್ತಿದೆಯಾ? ಎಲೆಗಳನ್ನು ಹೊಲಿದು ಚೆಂಡು ಮಾಡಿದ ಹಾಗೆ ಕಂಡರೆ ಅದು ಕೆಂಜಿಗದ ಗೂಡು. ಎರಡೂ ಕೈ ಹಗ್ಗದ ಮೇಲಿರುವಾಗ ಕೆಂಜಿಗ ಕುತ್ತಿಗೆ ಹತ್ತಿದರೆ ಏನಾಗುತ್ತದೆ ಯೋಚಿಸಿ. ಮಾವಿನ ಮರದಲ್ಲಿ ಇದು ಜಾಸ್ತಿ. ಪೊಟರೆಯಲ್ಲಿ ಹಕ್ಕಿ ಗೂಡಿದ್ದರೆ ಆ ಮರದ ಹತ್ತಿರವೂ ಹೋಗಬೇಡಿ. ಮಂಗಟ್ಟೆ ಹಕ್ಕಿಯ ಹೆಣ್ಣು ಬೇಸಿಗೆಯಲ್ಲಿ ಪೊಟರೆ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ. ಗಂಡು ಒಂದು ಸೀಳಿನಿಂದ ಹಣ್ಣು ಕೊಡಬೇಕು. ನಿಮ್ಮನ್ನು ನೋಡಿ ಅದು ಬರದೇ ಹೋದರೆ ಒಳಗಿನ ತಾಯಿ ಮರಿ ಉಪವಾಸ.

ಮತ್ತೆ ಕರೆಂಟ್ ತಂತಿ. ಇದನ್ನು ನಾನು ಹೇಳದಿದ್ದರೆ ಯಾರು ಹೇಳಬೇಕು? ಹೊಲದ ಮೇಲೆ ಹಾದುಹೋಗುವ ಲೈನ್ ಹೆಚ್ಚಾಗಿ 11 ಕೆ.ವಿ., ಅಂದರೆ 11,000 ವೋಲ್ಟ್. ಹಸಿ ಕೊಂಬೆ ತಂತಿಗೆ ತಾಗಿದ್ದರೆ ಮರದ ಮೂಲಕವೇ ಕರೆಂಟ್ ಬರುತ್ತದೆ. ತಂತಿಗೆ ಮುಟ್ಟುವ, ಗಾಳಿಗೆ ಮುಟ್ಟಬಹುದಾದ, ಅಥವಾ ಮುರಿದರೆ ತಂತಿ ಮೇಲೆ ಬೀಳುವ ಮರ ಹತ್ತಬೇಡಿ. ಕರೆಂಟ್ ಹೋಗಿದೆಯಲ್ಲ ಅಂತಲೂ ಹತ್ತಬೇಡಿ. ಅದು ಹೇಳಿ ಬರುವುದಿಲ್ಲ.

ಮೊದಲ ಹತ್ತು ದಿನ ನೆಲದಿಂದ ಒಂದೇ ಅಡಿ ಎತ್ತರ. ಪ್ಲಾಟ್‌ಫಾರ್ಮ್ ಅಲ್ಲಿಯೇ ಕಟ್ಟಿ, ಟೆದರ್ ಹಾಕಿ, ವಾಲಿ, ಕೂತು, ಎಡಕ್ಕೆ ಬಲಕ್ಕೆ ತಿರುಗಿ ಅಭ್ಯಾಸ ಮಾಡಿ. ಬಿದ್ದರೆ ಧೂಳು ಕೊಡವಿಕೊಂಡು ಏಳಬಹುದು. ಆಮೇಲೆ ನಾಲ್ಕು ಅಡಿ. ನಾನು ಈಗಲೂ ಹನ್ನೆರಡು ಅಡಿ ದಾಟುವುದಿಲ್ಲ, ಹಕ್ಕಿಗೆ ಅಷ್ಟು ಸಾಕು. ಹತ್ತಲು ಪಟ್ಟಿಯಿಂದ ಕಾಂಡಕ್ಕೆ ಬಿಗಿಯುವ, ಮೆಟ್ಟಿಲಿರುವ ಕೋಲುಗಳು, ಕ್ಲೈಂಬಿಂಗ್ ಸ್ಟಿಕ್ ಇವೆ. ನಾನು ಅಲ್ಯೂಮಿನಿಯಂ ಏಣಿ ಬಳಸುತ್ತೇನೆ, ಮೇಲೂ ಕೆಳಗೂ ಮರಕ್ಕೆ ಬಿಗಿದು. ಮೊಳೆ ಹೊಡೆಯಬೇಡಿ, ಮರಕ್ಕೆ ಗಾಯ.

ಟೆದರ್ ಎಷ್ಟು ಎತ್ತರ ಅಂತ ಎಲ್ಲರೂ ಕೇಳುತ್ತಾರೆ. ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ ಹುಬ್ಬಿನ ಮಟ್ಟಕ್ಕೆ ಕಟ್ಟಿ ಶುರು ಮಾಡಿ. ವಾಲಿ ನಿಲ್ಲಲು ಇದು ಸರಿ. ಕೂತು ಮೊಣಕಾಲನ್ನು ಕಾಂಡಕ್ಕೆ ಒತ್ತಿಕೊಳ್ಳುವುದಿದ್ದರೆ ಸ್ವಲ್ಪ ಕೆಳಗೆ. ಮೊಣಕಾಲಿಗೆ ಪ್ಯಾಡ್ ಬೇಕೇ ಬೇಕು. ಸೊಂಟದ ಎರಡೂ ಬದಿ ಹಿಂಡಿದ ಹಾಗಾದರೆ ಬ್ರಿಡ್ಜ್ ಗಿಡ್ಡ ಆಗಿದೆ, ಉದ್ದ ಮಾಡಿ. ಬೆನ್ನು ನೋವು ಬಂದರೆ ಪಟ್ಟಿ ಮೇಲೆ ಸರಿದಿದೆ, ತೊಡೆಯ ಕಡೆಗೆ ಇಳಿಸಿ. ಇದು ಒಂದೇ ದಿನಕ್ಕೆ ಹೊಂದುವುದಿಲ್ಲ. ನನಗೆ ಒಂದು ತಿಂಗಳು ಹಿಡಿಯಿತು.

ನನ್ನ ತಪ್ಪನ್ನೂ ಹೇಳಬೇಕು. ಮೂರನೆಯ ವಾರ. ಎಂಟು ಅಡಿ ಎತ್ತರದಲ್ಲಿದ್ದೆ. ಏಣಿ ಮೇಲೆ ನಿಂತು ಟೆದರ್ ಹಾಕಿದೆ, ಭಾರ ಬಿಟ್ಟು ನೋಡಿದೆ, ಲೈನ್‌ಮನ್ಸ್ ರೋಪ್ ಬಿಚ್ಚಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಪ್ಲಾಟ್‌ಫಾರ್ಮ್‌ಗೆ ಒಂದು ಹೆಜ್ಜೆ ಮೇಲೆ ಹತ್ತಿದೆ. ನಾನು ಮೇಲೆ ಹೋದೆ, ಟೆದರ್ ಅಲ್ಲೇ ಉಳಿಯಿತು. ಹಗ್ಗ ಸೊಂಟದ ಕೆಳಗೆ ಜೋತು ಬಿತ್ತು. ಕೆಳಗಿದ್ದ ಅಳಿಯ ನೋಡಿದ. "ಮಾಮಾ, ಹಗ್ಗ ಜೋತು ಬಿದ್ದೈತಿ ನೋಡ್ರಿ" ಅಂದ. ಅಷ್ಟರಲ್ಲಿ ಎಡಗಾಲು ಜಾರಿತು. ಬಿದ್ದದ್ದು ಎರಡೇ ಅಡಿ. ಆದರೆ ಸ್ಟ್ಯಾಟಿಕ್ ಹಗ್ಗ ಹಿಗ್ಗುವುದಿಲ್ಲ, ಏಟು ಪೂರ್ತಿ ಮೈಗೇ ಬರುತ್ತದೆ. ಪಕ್ಕೆಲುಬು ಮತ್ತಿಯ ತೊಗಟೆಗೆ ಬಡಿಯಿತು. ಮೂರು ವಾರ ಕೆಮ್ಮಿದರೆ ಕಣ್ಣಲ್ಲಿ ನೀರು. ಅಷ್ಟು ವರ್ಷ ಕಂಬ ಹತ್ತಿದ ನನಗೇ ಹೀಗಾಯಿತು. ಸ್ಯಾಡಲ್ ಇರುವುದು ಭಾರ ಹಿಡಿಯಲಿಕ್ಕೆ, ಬಿದ್ದವರನ್ನು ಹಿಡಿಯಲಿಕ್ಕಲ್ಲ. ಹಗ್ಗ ಯಾವಾಗಲೂ ಬಿಗಿಯಾಗಿರಬೇಕು. ಒಂದು ಹೆಜ್ಜೆ ಮೇಲೆ ಇಟ್ಟರೆ, ಕೈ ಮೊದಲು ಟೆದರನ್ನು ಮೇಲೆ ಸರಿಸಬೇಕು, ಪ್ರುಸಿಕ್ ಎಳೆಯಬೇಕು. ಟೆದರ್ ಕಟ್ಟಿದ ಜಾಗ ಸೊಂಟದ ಕೆಳಗೆ ಎಂದೂ ಬರಬಾರದು.

ಕಾಲು ಜಾರಿ ನೇತಾಡುವ ಹಾಗಾದರೆ? ಅಲುಗಾಡದೆ ಪಟ್ಟಿಯಲ್ಲಿ ತೂಗುತ್ತಿದ್ದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ತಲೆ ಸುತ್ತಿ ಪ್ರಜ್ಞೆ ಹೋಗಬಹುದು. ಅದಕ್ಕೇ ನಾನು ಕಾಲು ಊರಲು ಒಂದು ಹಗ್ಗದ ಕುಣಿಕೆಯನ್ನು ಕಿಸೆಯಲ್ಲೇ ಇಟ್ಟಿರುತ್ತೇನೆ. ಟೆದರ್‌ಗೆ ಅದನ್ನು ಸಿಕ್ಕಿಸಿ, ಪಾದ ಇಟ್ಟು ಎದ್ದು ನಿಂತು, ಪ್ಲಾಟ್‌ಫಾರ್ಮ್ ಹಿಡಿಯಬಹುದು. ಇದನ್ನೂ ಒಂದಡಿ ಎತ್ತರದಲ್ಲೇ ಕಲಿಯಿರಿ. ಕೂತಾಗಲೂ ಆಗಾಗ ಕಾಲು ಬದಲಿಸಿ. ಒಬ್ಬರೇ ಹೋಗಬೇಡಿ. ಹೋಗಲೇಬೇಕಾದರೆ ಯಾವ ಮರ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಫೋನ್ ಅಂಗಿಯ ಕಿಸೆಯಲ್ಲಿರಲಿ, ಮರದ ಕೆಳಗಿನ ಚೀಲದಲ್ಲಲ್ಲ.

ಖಾನಾಪುರದ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಗಟೆ ಮೇಲೆ ಪಾಚಿ, ಹತ್ತುವ ಮಾತೇ ಇಲ್ಲ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಕೇಳಿದ ತಕ್ಷಣ ಇಳಿಯಿರಿ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗು ಚೆನ್ನ.

ಅಂಥದ್ದೊಂದು ಬೆಳಗು. ಭತ್ತ ಕೊಯ್ದಾಗಿತ್ತು, ಹೊಲದ ಮೇಲೆ ಮಂಜು. ಎದುರಿನ ಬಸರಿ ಮರದಲ್ಲಿ ಹಣ್ಣು ತುಂಬಿತ್ತು. ಬೆನ್ನ ಹಿಂದೆ ಯಾರೋ ದೊಡ್ಡ ಮೊರದಿಂದ ಗಾಳಿ ಬೀಸಿದ ಹಾಗೆ ಸದ್ದು. ತಿರುಗಲಿಲ್ಲ, ಹಗ್ಗದ ಮೇಲೆ ಭಾರ ಬಿಟ್ಟು ಸುಮ್ನೆ ಇದ್ದೆ. ಎರಡು ಮಂಗಟ್ಟೆ ನನ್ನ ತಲೆಯ ಮೇಲೇ ಹಾದು ಬಸರಿಯಲ್ಲಿ ಕೂತವು. ಗಂಡು ಒಂದು ಹಣ್ಣು ಕಿತ್ತು, ಕೊಕ್ಕಿನ ತುದಿಯಲ್ಲಿ ಹಿಡಿದು, ಮೇಲಕ್ಕೆ ಚಿಮ್ಮಿಸಿ ಗಂಟಲಿಗೆ ಹಾಕಿಕೊಂಡಿತು. ಕಣ್ಣಿನ ರೆಪ್ಪೆಗೂದಲು ಕಂಡಿತು ನನಗೆ. ನಾನು ಕಾಂಡದ ಒಂದು ಬದಿಯಿಂದ ಇನ್ನೊಂದು ಬದಿಗೆ ಕಾಲನ್ನು ಇಂಚು ಇಂಚು ಸರಿಸಿ ಲೆನ್ಸ್ ಹೊರಗೆ ಹಾಕಿದೆ. ಅವು ಹೋಗಲಿಲ್ಲ. ಹೀಗೆ ಮರೆಯಲ್ಲೇ ಸುತ್ತಬಹುದು ಅನ್ನುವುದಕ್ಕೇ ಸ್ಯಾಡಲ್ ನನಗೆ ಇಷ್ಟ.

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹತ್ತಬೇಡಿ. ಒಂದು ತೆಳು ಹಗ್ಗ ಕೆಳಗೆ ಬಿಟ್ಟು, ಕೂತ ಮೇಲೆ ಎಳೆದುಕೊಳ್ಳಿ. ಇಳಿಯುವಾಗ ಎಲ್ಲವೂ ಉಲ್ಟಾ: ಚೀಲ ಮೊದಲು ಇಳಿಸಿ, ಲೈನ್‌ಮನ್ಸ್ ರೋಪ್ ಹಾಕಿ, ಬಿಗಿ ನೋಡಿ, ಆಮೇಲೆ ಟೆದರ್ ಬಿಚ್ಚಿ. ದಣಿವು, ಹಸಿವು, ಮನೆಗೆ ಹೋಗುವ ಅವಸರ ಎಲ್ಲ ಆ ಹೊತ್ತಿಗೇ ಬರುತ್ತವೆ. ಒಂದು ಗುಟುಕು ನೀರು ಕುಡಿದು ಶುರು ಮಾಡಿ.

ಮನೆಗೆ ಬಂದಮೇಲೆ ಹಗ್ಗವನ್ನು ಬೆರಳ ಸಂದಿಯಲ್ಲಿ ಪೂರ್ತಿ ಎಳೆದು ನೋಡುತ್ತೇನೆ. ಎಲ್ಲಾದರೂ ಚಪ್ಪಟೆ ಆಗಿದೆಯಾ, ಗಂಟಿನಂತೆ ಉಬ್ಬಿದೆಯಾ, ಹೊದಿಕೆ ಸವೆದು ಬಿಳಿ ತಿರುಳು ಕಾಣುತ್ತಿದೆಯಾ. ಬಿಸಿಲಲ್ಲಿ ಒಣಗಿಸುವುದಿಲ್ಲ, ಇನ್ವರ್ಟರ್ ಬ್ಯಾಟರಿ ಹತ್ತಿರ ಇಡುವುದಿಲ್ಲ. ಆ್ಯಸಿಡ್ ತಾಗಿದ ಹಗ್ಗ ನೋಡಲು ಚೆನ್ನಾಗಿಯೇ ಇರುತ್ತದೆ. ಇಲಿ ಬಾರದ ಡಬ್ಬಿಯಲ್ಲಿಟ್ಟು, ಕೊಂಡ ದಿನಾಂಕವನ್ನು ಟೇಪ್ ಮೇಲೆ ಬರೆದು ಅಂಟಿಸಿದ್ದೇನೆ. ಏಟು ತಿಂದ ಆ ಹಗ್ಗವನ್ನು ಮತ್ತೆ ಬಳಸಲಿಲ್ಲ. ಯಾರಾದರೂ ಎತ್ತಿಕೊಂಡು ಮರ ಹತ್ತಿಯಾರು ಅಂತ ನಾಲ್ಕು ನಾಲ್ಕು ಅಡಿಗೆ ಕತ್ತರಿಸಿದೆ. ತಂಗಿ ಅದರಲ್ಲಿ ಕರುಗಳಿಗೆ ಕಣ್ಣಿ ಮಾಡಿಕೊಂಡಳು.