ಬಿಟ್ಟು ಬಿಟ್ಟು ಮಿಸ್ಸಿಂಗ್ ಹೊಡೆಯುವ ಹಳೇ ಪಿಕಪ್‌ಗೆ ಮೊದಲು ಪೈಪ್ ನೋಡಿ

ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಇಂಜಿನ್ ಒಂದೇ ಸಮ ಓಡದೆ ನಡುನಡುವೆ ತಪ್ಪುತ್ತಿದೆ ಎಂದ ಕೂಡಲೇ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂರುವ ಹುಡುಗರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನಮ್ಮ ಬೀದಿಯಲ್ಲೇ ಒಬ್ಬ ಹಾಗೆ ಮಾಡಿದ. ಸಾವಿರಗಟ್ಟಲೆ ಕೊಟ್ಟು ಇಂಜೆಕ್ಟರ್ ತುದಿಯ ನಾಝಲ್ ಬದಲಿಸಿದ. ಡೀಸೆಲ್ ಪಂಪ್ ಬಿಚ್ಚಿಕೊಂಡು ಹೋಗಿ ಸೆಟ್ ಮಾಡಿಸಿಕೊಂಡು ಬಂದ. ಮಿಸ್ಸಿಂಗ್ ಮಾತ್ರ ಹಾಗೇ ಇತ್ತು. ನೋಡಲು ಬಂದ ಅವನ ಗೆಳೆಯ, "ಸ್ಪಾರ್ಕ್ ಪ್ಲಗ್ ಹೋಗಿರಬೇಕು ಅಜ್ಜಿ" ಎಂದ. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಎಲ್ಲಿಂದ ಬಂತಪ್ಪಾ? ಇದ್ದರೆ ಹೀಟರ್ ಪ್ಲಗ್ ಇರುತ್ತದೆ, ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗಲಿ ಅಂತ. ಆಮೇಲೆ ಒತ್ತಿ ಒತ್ತಿ ಕಾದ ಗಾಳಿಗೆ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಇಷ್ಟೂ ಗೊತ್ತಿಲ್ಲದವರು ಸ್ಪ್ಯಾನರ್ ಹಿಡಿಯುತ್ತಾರೆ.

ಮಂಡ್ಯದ ಸೀಮೆಯಲ್ಲಿ ಆಲೆಮನೆ ಇದ್ದ ಮನೆ ನಮ್ಮದು. ಎಪಿಎಂಸಿಗೆ ಬೆಲ್ಲ ಹೊಡೆಯುತ್ತಿದ್ದ ಪಿಕಪ್‌ನ ಯೋಗಕ್ಷೇಮವೆಲ್ಲ ನನ್ನದೇ. ಯಜಮಾನರಿಗೆ ಕೊಪ್ಪರಿಗೆಯ ಪಾಕ ಬಿಟ್ಟು ಬೇರೆ ಕಡೆ ಗಮನವೇ ಇರಲಿಲ್ಲ. ಹಾಗಾಗಿ ಹೇಳುತ್ತಿದ್ದೇನೆ. ನಾನು ಹೇಳುವುದು ಹಳೇ ಕಾಲದ, ಕಂಪ್ಯೂಟರ್ ಇಲ್ಲದ ಪಂಪಿನ ಡೀಸೆಲ್ ಗಾಡಿಗೆ ಮಾತ್ರ. ಕಂಪ್ಯೂಟರ್ ಹಿಡಿತದ ಹೊಸ ಕಾಮನ್ ರೈಲ್ ಇಂಜಿನ್ ಇದ್ದವರು ದಯವಿಟ್ಟು ಇದನ್ನು ಓದಿಕೊಂಡು ಕೈ ಹಾಕಬೇಡಿ.

ಮೊದಲು ಕೇಳಬೇಕಾದ್ದು, ಯಾವಾಗ ಬರುತ್ತೆ ಅಂತ. ಬಂದು ಹೋಗುವ ಕಾಯಿಲೆ ಗ್ಯಾರೇಜ್ ಮುಂದೆ ನಿಂತಾಗ ಬರುವುದೇ ಇಲ್ಲ, ಅಲ್ವಾ? ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಚೀಟಿ ಇಟ್ಟು ಬರೆಯಿರಿ. ಇಂಜಿನ್ ತಣ್ಣಗಿತ್ತೋ ಕಾದಿತ್ತೋ, ಖಾಲಿ ಗಾಡಿಯೋ ಲೋಡೋ, ಮಳೆ ಬಂದಿತ್ತೋ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು. ಮೇಲುಕೋಟೆ ಏರಿನಲ್ಲಿ ಮಾತ್ರ ಬಂತೋ, ಶ್ರೀರಂಗಪಟ್ಟಣದ ಕಡೆ ಸಮತಟ್ಟು ರಸ್ತೆಯಲ್ಲೂ ಬಂತೋ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ಬರುತ್ತದೆ ಎಂದರೆ ಟ್ಯಾಂಕಿನೊಳಗೆ ಇಳಿಬಿಟ್ಟ ಪೈಪ್ ಮೇಲೆ ನನ್ನ ಅನುಮಾನ. ಅದು ಮೇಲ್ಗಡೆ ಸೀಳಿದ್ದರೆ, ಡೀಸೆಲ್ ಸೀಳಿಗಿಂತ ಮೇಲಿರುವ ತನಕ ಏನೂ ಗೊತ್ತಾಗುವುದಿಲ್ಲ. ಬೆಳಗ್ಗೆ ಮಾತ್ರ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಹೋದರೆ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದು ಲೈನಿಗೆ ಏರ್ ಬಂದಿರಬಹುದು, ಇಲ್ಲವೇ ಹೀಟರ್ ಪ್ಲಗ್ಗೇ ಸತ್ತಿರಬಹುದು. ಅರ್ಧ ಗಂಟೆ ಚೆನ್ನಾಗಿ ಓಡಿ, ಎಳೆತ ಕಮ್ಮಿಯಾಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆಯೇ? ಟ್ಯಾಂಕಿನ ಜಾಲರಿಗೆ ಕಸ ಅಂಟುತ್ತಿದೆ, ನಿಂತಾಗ ಉದುರುತ್ತಿದೆ. ಅಥವಾ ಮುಚ್ಚಳ. ಮುಚ್ಚಳ ಕಳೆದುಹೋಯಿತು ಅಂತ ಟ್ಯಾಂಕಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿರುತ್ತಾರಲ್ಲ, ಅಂಥವರಿಗೆ ಏನು ಹೇಳೋಣ! ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ದಾರಿ ಕಟ್ಟಿದರೆ ಇಂಜಿನ್ ಎಷ್ಟು ಅಂತ ಎಳೆಯುತ್ತದೆ? ಮಿಸ್ಸಿಂಗ್ ಬಂದಾಗ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು.

ಮಳೆ ಬಂದ ಮೇಲೆ ಶುರುವಾದದ್ದಾದರೆ ನೀರು. ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಅರ್ಧ ಗಾಜಿನ ಲೋಟದಷ್ಟು ಹಿಡಿದು ಸುಮ್ನೆ ಇಡಿ. ನೀರು ಕೆಳಗೆ ಕೂರುತ್ತದೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಆ ಲೋಟ ಮತ್ತೆ ಅಡುಗೆಮನೆಗೆ ಬರಬಾರದು, ಅದನ್ನು ಬೇರೆ ಹೇಳಬೇಕಿಲ್ಲ.

ಪೆಟ್ರೋಲ್ ಗಾಡಿಯವರಿಗೆ ಒಂದೇ ಮಾತು. ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿ ನೋಡಿ. ಪ್ಲಗ್ ವೈರ್ ಸೀಳಿದ್ದರೆ ನೀಲಿ ಕಿಡಿ ಕಾಣುತ್ತದೆ. ಕೈ ಹಾಕಬೇಡಿ.

ಇನ್ನು ಮಿಸ್ಸಿಂಗ್ ಒಂದೇ ಸಿಲಿಂಡರಿನದೋ ಎಲ್ಲದ್ದೋ ಅಂತ ತಿಳಿಯಬೇಕು. ಮಿಸ್ಸಿಂಗ್ ಇರುವಾಗಲೇ, ಐಡಲ್‌ನಲ್ಲಿ, ಇಂಜೆಕ್ಟರಿಗೆ ಬರುವ ಕಬ್ಬಿಣದ ಪೈಪಿನ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಇಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಸದ್ದು ಬದಲಾಗದಿದ್ದರೆ ಸೋಮಾರಿ ಅದೇ. ಯಾವಾಗಲೂ ಅದೊಂದೇ ಆದರೆ ಮಾತ್ರ ಆ ಇಂಜೆಕ್ಟರ್ ಬಿಚ್ಚಿ ಪಕ್ಕದ್ದಕ್ಕೆ ಅದಲು ಬದಲು ಮಾಡಿ, ಕೆಳಗಿನ ತಾಮ್ರದ ವಾಷರ್ ಹೊಸದು ಹಾಕಿ. ಕಾಯಿಲೆ ಇಂಜೆಕ್ಟರ್ ಜೊತೆ ಹೋದರೆ ನಾಝಲ್, ಅಲ್ಲೇ ಉಳಿದರೆ ವಾಲ್ವ್, ಕಂಪ್ರೆಷನ್, ಪಂಪ್ ಕಡೆ ನೋಡಬೇಕು. ನಟ್ಟು ಸಡಿಲಿಸುವಾಗ ಕೈಗೆ, ಮುಖಕ್ಕೆ ಡೀಸೆಲ್ ಚಿಮ್ಮದ ಹಾಗೆ ಬಟ್ಟೆ ಹಿಡಿದು ದೂರ ನಿಲ್ಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಸೂಜಿ ಚುಚ್ಚಿದಷ್ಟೇ ಗುರುತು ಇರುತ್ತದೆ, ಆದರೆ ಬೆರಳೇ ಹೋಗಬಹುದು. ಅರಿಸಿನ ಹಚ್ಚಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಆದರೆ ಒಮ್ಮೆ ಈ ಸಿಲಿಂಡರ್, ಒಮ್ಮೆ ಆ ಸಿಲಿಂಡರ್ ಅಂತ ಆಟ ಆಡಿಸಿದರೆ? ನೀರಿಲ್ಲ ಅಂತ ಆಗಲೇ ನೋಡಿದ್ದೀರಿ. ಹಾಗಾದರೆ ಏರ್ ಹಿಡಿಯುತ್ತಿದೆ. ಹುಡುಗರು ಸೋಲುವುದು ಇಲ್ಲೇ. ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗುತ್ತಾರೆ, ಎಲ್ಲೂ ಒಂದು ತೊಟ್ಟೂ ಸೋರಿಲ್ಲ ಎಂದು ಎದ್ದು ಬರುತ್ತಾರೆ. ಸೋರುವುದಿಲ್ಲ ಕಣಪ್ಪಾ! ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ತಳ್ಳುವುದು ಫೀಡ್ ಪಂಪ್. ಟ್ಯಾಂಕಿನಿಂದ ಅದರ ತನಕ ಡೀಸೆಲ್ಲನ್ನು ಯಾರೂ ತಳ್ಳುತ್ತಿಲ್ಲ, ಎಳೆಯುತ್ತಿದ್ದಾರೆ. ಅಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್ಟಿನ ಸಕ್ಷನ್ ಪೈಪ್ ಜಾಯಿಂಟಿನಲ್ಲಿ ಗಾಳಿ ಎಳೆದರೆ ನೀರು ತೊದಲುತ್ತದಲ್ಲ, ಜಾಯಿಂಟಿಗೆ ಸಗಣಿ ಮೆತ್ತುತ್ತೇವಲ್ಲ, ಅದೇ ಕಥೆ. ಸೋರಿದರೆ ಫೀಡ್ ಪಂಪಿನ ಆಚೆ ಸೋರಬೇಕು. ಕೆಲವು ಗಾಡಿಗೆ ಬೇರೆ ಫೀಡ್ ಪಂಪೇ ಇರುವುದಿಲ್ಲ. ಅಂಥದ್ದರಲ್ಲಿ ಫಿಲ್ಟರ್ ದಾಟುವ ತನಕ ಎಲ್ಲವೂ ಎಳೆಯುವ ಕಡೆಯೇ.

ಈ ಗಾಳಿಯನ್ನು ಕಣ್ಣಿಂದ ನೋಡಲು ನನ್ನದೊಂದು ಉಪಾಯ ಇದೆ. ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಲೆವೆಲ್ ಪೈಪ್ ಗೊತ್ತಲ್ಲ? ಒಳಗಿನ ನೀರು ಕಾಣುವ ಪೈಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದನ್ನೇ ಕತ್ತರಿಸಿಸಿಕೊಳ್ಳಿ. ಮೇಸ್ತ್ರಿಯ ಹಳೇದು ಬೇಡ, ಒಳಗೆ ಪಾಚಿ, ಮಣ್ಣು ಇರುತ್ತದೆ. ಅಂಗಡಿಯವನ ಎದುರಿಗೇ ಗಾಡಿಯ ಪೈಪಿನ ಮೂತಿಗೆ ಹಿಡಿದು ನೋಡಿ. ಸ್ವಲ್ಪ ಬಿಗಿ ಅನ್ನಿಸಬೇಕು, ಸಲೀಸಾಗಿ ಹೋದರೆ ಅದೇ ಗಾಳಿ ಎಳೆಯುತ್ತದೆ. ಒಂದು ಗೇಣಿಗಿಂತ ತುಸು ಉದ್ದ ಸಾಕು. ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಚೆನ್ನಾಗಿ ಒರೆಸಿ, ಬಿಸಿ ಆರುವ ಮೊದಲೇ ಎರಡು ಬೆರಳಿನಷ್ಟು ಒಳಗೆ ತಳ್ಳಿ. ಮೊದಲು ಕೂರಿಸುವ ಜಾಗ ಫೀಡ್ ಪಂಪಿಗೆ ಡೀಸೆಲ್ ಬರುವ ಬಾಯಿ. ಎರಡೂ ಕಡೆ ಸ್ಕ್ರೂ ಇರುವ ಕ್ಲಿಪ್ ಹಾಕಿ. ಬೈಂಡಿಂಗ್ ವೈರ್ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ತಿರುಚುವವರು ನನ್ನ ಕಣ್ಣಿಗೆ ಬೀಳಬಾರದು, ಆ ತಂತಿಯೇ ಪೈಪ್ ಕುಯ್ಯುತ್ತದೆ. ಪೈಪಿನ ನಡುಭಾಗ ಕಮಾನಿನ ಹಾಗೆ ಮೇಲಕ್ಕಿರಲಿ, ಗುಳ್ಳೆ ಅಲ್ಲಿ ಕಾಣುತ್ತದೆ. ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಗಲಬಾರದು.

ಇಷ್ಟಾದ ಮೇಲೆ, ಲೈನಿಗೆ ಕೈಯಿಂದ ಡೀಸೆಲ್ ತುಂಬಿಸುವ ಕೈಪಂಪ್ ಒತ್ತಿ ಏರ್ ತೆಗೆದು (ಹೇಗೆಂದು ಕೊನೆಯಲ್ಲಿ ಹೇಳಿದ್ದೇನೆ) ಸ್ಟಾರ್ಟ್ ಮಾಡಿ. ಮೊದಲು ಬರುವ ಗುಳ್ಳೆ ಪೈಪ್ ಹಾಕುವಾಗ ನೀವೇ ಬಿಟ್ಟ ಗಾಳಿ, ಅದನ್ನು ನೋಡಿ ಕುಣಿಯಬೇಡಿ. ಅದು ಹೋಗುವ ತನಕ ಓಡಲಿ. ಆಮೇಲೆ ಪೈಪಿನ ಹಿಂದೆ ಒಂದು ಬಿಳಿ ಕಾಗದ ಹಿಡಿದು, ಇನ್ನೊಬ್ಬರಿಗೆ ಆಕ್ಸಿಲರೇಟರ್ ಒತ್ತಿ ಬಿಡಲು ಹೇಳಿ. ಎಲ್ಲೋ ಒಂದು ಸಾಸಿವೆಯಷ್ಟು ಗುಳ್ಳೆ ಹೋದರೆ ಬಿಟ್ಟುಬಿಡಿ. ಮಣಿ ಪೋಣಿಸಿದಂತೆ ಸಾಲಾಗಿ ಬಂದರೆ ಕಳ್ಳ ಸಿಕ್ಕ. ಏನೂ ಕಾಣದಿದ್ದರೆ ಪೈಪನ್ನು ಹಾಗೇ ಬಿಟ್ಟು ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ರಾತ್ರಿ ತುಂಬಿದ್ದ ಪೈಪ್ ಬೆಳಗ್ಗೆ ಖಾಲಿ ಇದ್ದರೆ ಅದೂ ಉತ್ತರವೇ.

ಗುಳ್ಳೆ ಕಂಡರೆ ಪೈಪನ್ನು ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ಹಿಂದಕ್ಕೆ ಸರಿಸುತ್ತಾ ಹೋಗಿ. ಯಾವ ಜಾಗದಲ್ಲಿ ಗುಳ್ಳೆ ನಿಂತಿತೋ, ತೂತು ಇರುವುದು ಆ ಜಾಗಕ್ಕೂ ಅದಕ್ಕೆ ಮೊದಲು ಪರೀಕ್ಷೆ ಮಾಡಿದ ಜಾಗಕ್ಕೂ ನಡುವೆ. ಅಲ್ಲಿರುವ ಜಾಯಿಂಟಿಗೆಲ್ಲ ಗ್ರೀಸ್ ಮೆತ್ತಿ. ಮೆತ್ತಿದ ಕೂಡಲೇ ಗುಳ್ಳೆ ನಿಂತರೆ ಆ ಜಾಯಿಂಟೇ. ಟ್ಯಾಂಕಿನ ಹತ್ತಿರ ಬಂದರೂ ಗುಳ್ಳೆ ನಿಲ್ಲಲಿಲ್ಲ ಎಂದರೆ ಶುದ್ಧ ಡೀಸೆಲ್ ತುಂಬಿದ ಒಂದು ಕ್ಯಾನಿಗೆ ಪೈಪ್ ಬಿಟ್ಟು ನಿಂತಲ್ಲೇ ಓಡಿಸಿ ನೋಡಿ. ಕ್ಯಾನಿನಲ್ಲಿ ಸರಿ ಓಡಿದರೆ ಟ್ಯಾಂಕ್ ಬಿಚ್ಚದೆ ಬೇರೆ ದಾರಿ ಇಲ್ಲ. ಬೀಡಿ ಸೇದುವ ಗಂಡಸರನ್ನು ಅಷ್ಟು ಹೊತ್ತು ಅಂಗಳದಿಂದ ಆಚೆ ಕಳಿಸಿ.

ಹತ್ತರಲ್ಲಿ ಎಂಟು ಸಲ ಸಿಗುವುದು ಒಣಗಿದ ರಬ್ಬರ್ ಪೈಪೇ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿರುತ್ತದೆ, ಬಗ್ಗಿಸಿದರೆ ಕ್ಲಿಪ್ ಪಕ್ಕದಲ್ಲಿ ಕೂದಲೆಳೆಯಷ್ಟು ಸೀಳು ಬಾಯಿ ಬಿಡುತ್ತದೆ. ರಬ್ಬರ್ ಮಾತು ಬಂತು, ಹೇಳಿಬಿಡುತ್ತೇನೆ. ನಿಮ್ಮ ಅಡುಗೆಮನೆಯ ಗ್ಯಾಸ್ ಪೈಪ್ ಯಾವಾಗ ಹಾಕಿಸಿದ್ದು? ಆ ಸುರಕ್ಷಾ ಪೈಪಿಗೆ 5 ವರ್ಷ ಆಯಸ್ಸು, ತಾರೀಖು ಅದರ ಮೇಲೇ ಇರುತ್ತದೆ. ನಮ್ಮ ಸೊಸೆಗೆ ಹೇಳಿ ಹೇಳಿ ಸಾಕಾಗಿ ಕೊನೆಗೆ ನಾನೇ ತರಿಸಿದೆ.

ಗಾಡಿಗೆ ಹೊಸ ಪೈಪ್ ತರುವಾಗ ಹಳೇದನ್ನು ಕೈಯಲ್ಲೇ ಹಿಡಿದು ಹೋಗಿ, ಡೀಸೆಲ್ ಪೈಪ್ ಅಂತಲೇ ಕೇಳಿ. ನೀರಿನ ಪೈಪ್ ಕೊಟ್ಟರೆ ತರಬೇಡಿ, ಡೀಸೆಲ್ಲಿಗೆ ಅದು ಊದಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಲೆವೆಲ್ ಪೈಪನ್ನು ಗಾಡಿಯಲ್ಲೇ ಬಿಡಬಾರದು. ಡೀಸೆಲ್ ಕುಡಿದು ಅದು ಕಡ್ಡಿಯಂತಾಗಿ ಬಿರಿಯುತ್ತದೆ, ಮತ್ತೆ ಅದೇ ಮಿಸ್ಸಿಂಗ್. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಉಕ್ಕುವ ತನಕ ಕೈಪಂಪ್ ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಮೈಸೂರಿಗೆ ಒಂದು ಸಲ ಹೋಗಿ ಬಂದ ಮೇಲೆ, ಇಂಜಿನ್ ಆರಿದಾಗ, ಕ್ಲಿಪ್‌ಗಳನ್ನು ಇನ್ನೊಂದು ಕಾಲು ಸುತ್ತು ತಿರುಗಿಸಿ.