ಹಿತ್ತಲ ಕೋಳಿಯ ಅಂಗಾಲಿನ ಸಣ್ಣ ಹುಣ್ಣಿಗೆ ಮನೆಯಲ್ಲೇ ಆರೈಕೆ

ಕಾಳು ಎರಚಿದಾಗ ಉಳಿದ ಕೋಳಿಗಳೆಲ್ಲ ಓಡಿಬಂದರೂ ಒಂದು ಹೇಂಟೆ ಮಾತ್ರ ಹೆಜ್ಜೆಯನ್ನು ಅಳೆದಳೆದು ಇಡುತ್ತ ಕೊನೆಯಲ್ಲಿ ಬಂದರೆ, ಅಂದು ಸಂಜೆಯೇ ಅದರ ಅಂಗಾಲನ್ನು ನೋಡಬೇಕು. ಒಂಟಿಕಾಲಿನಲ್ಲಿ ನಿಂತು ವಿಶ್ರಮಿಸುವುದು ಆರೋಗ್ಯವಾಗಿರುವ ಕೋಳಿಯ ಅಭ್ಯಾಸವೂ ಹೌದಾದ್ದರಿಂದ ಅದೊಂದನ್ನೇ ಕಂಡು ಗಾಬರಿಪಡಬೇಕಿಲ್ಲ. ಆದರೆ ಕುಂಟುವುದು, ನೆಲ ಕೆದಕುವುದನ್ನು ಬಿಟ್ಟು ಕುಳಿತೇ ಇರುವುದು, ರಾತ್ರಿ ಅಡ್ಡಗೋಲನ್ನು ಏರಲು ಹಿಂಜರಿಯುವುದು, ಇವೆಲ್ಲ ಕಾಲಿನ ನೋವಿನ ಗುರುತುಗಳು.

ಕತ್ತಲಾಗಿ ಕೋಳಿ ಗೂಡಿನಲ್ಲಿ ಮಂಕಾಗಿ ಕುಳಿತ ಹೊತ್ತು ಅದನ್ನು ಹಿಡಿಯಲು ಸುಲಭ, ಅದಕ್ಕೂ ಹೆದರಿಕೆ ಕಡಿಮೆ. ಎರಡು ರೆಕ್ಕೆಗಳೂ ಒಳಗೆ ಸೇರುವಂತೆ ಒಂದು ಹಳೆಯ ಟವೆಲಿನಲ್ಲಿ ಸಡಿಲವಾಗಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಕಾಲನ್ನು ಬೆಳಕಿಗೆ ಹಿಡಿಯಬೇಕು. ಎದೆಯನ್ನು ಮಾತ್ರ ಅಮುಕಬಾರದು. ಕೋಳಿಗೆ ನಮಗಿರುವಂತಹ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಹಿಂದೆ ಮುಂದೆ ಅಲುಗಾಡಿದರೆ ಮಾತ್ರ ಅದು ಉಸಿರಾಡಬಲ್ಲದು, ಆದ್ದರಿಂದ ಬಿಗಿಯಾಗಿ ಹಿಡಿದಷ್ಟೂ ಅದಕ್ಕೆ ಉಸಿರು ಕಟ್ಟುತ್ತದೆ. ಈ ಕೆಲಸಕ್ಕೆ ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಹಿಡಿದುಕೊಳ್ಳಲು, ಇನ್ನೊಬ್ಬರು ಕಾಲು ನೋಡಲು.

ಅಂಗಾಲಿನ ನಡುವಿನ ಮೆತ್ತನೆಯ ದಿಂಬು ಎರಡೂ ಕಾಲುಗಳಲ್ಲಿ ಒಂದೇ ಸಮನಾಗಿದೆಯೇ ಎಂದು ಹೋಲಿಸಿ ನೋಡಬೇಕು. ಮೇಲ್ಚರ್ಮ ತರಚಿ ಕೆಂಪಾಗಿರಬಹುದು, ಮುಳ್ಳೋ ಮರದ ಚಿಬರೋ ಸಿಕ್ಕಿಕೊಂಡಿರಬಹುದು, ಅಥವಾ ಬೇಳೆಕಾಳಿನ ಗಾತ್ರದ ಕಂದುಕಪ್ಪು ಹಕ್ಕಳೆಯೊಂದು ಕೂತಿರಬಹುದು. ಹಕ್ಕಳೆಯ ಸುತ್ತ ಊತವಿದ್ದು ಮುಟ್ಟಿದರೆ ಬಿಸಿಯೆನಿಸಿದರೆ ಅದು ಬಂಬಲ್‌ಫುಟ್ ಎನ್ನುವ ಸೋಂಕಿನ ಆರಂಭ. ಬಹಳಷ್ಟು ಸಲ ಇದಕ್ಕೆ ಕಾರಣ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ಮನುಷ್ಯನ ಗಾಯಕ್ಕೂ ತಗಲಬಲ್ಲದಾದ್ದರಿಂದ ಕೈಗವಸು ಇಲ್ಲದೆ ಹುಣ್ಣನ್ನು ಮುಟ್ಟಬಾರದು. ಕಾಲಿನ ಮೇಲ್ಭಾಗದ ಪೊರೆಗಳು ಎದ್ದುನಿಂತು ಒರಟಾಗಿದ್ದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ (ಮೈಟ್) ಬರುವ ಬೇರೆಯೇ ತೊಂದರೆ, ಅದರ ಚಿಕಿತ್ಸೆಯೂ ಬೇರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಊದಿಕೊಂಡ ಅಂಗಾಲನ್ನು ಕಂಡ ಕೂಡಲೇ ಹಿಸುಕಿ ಕೀವು ತೆಗೆಯೋಣ ಎನ್ನಿಸುವುದು ಸಹಜ, ಮೊದಲ ಸಲ ನಾನೂ ಅದನ್ನೇ ಮಾಡಿದೆ. ಬಂದದ್ದು ರಕ್ತವೇ ಹೊರತು ಕೀವಲ್ಲ, ಮರುದಿನ ಊತ ಇಮ್ಮಡಿಯಾಗಿತ್ತು. ಕೋಳಿಯ ಕೀವು ನಮ್ಮ ಕೀವಿನಂತೆ ನೀರಾಗಿ ಹರಿಯುವುದಿಲ್ಲ. ಅದರ ಬಿಳಿರಕ್ತಕಣಗಳಲ್ಲಿ ಕೀವನ್ನು ಕರಗಿಸುವ ಕಿಣ್ವದ ಕೊರತೆಯಿರುವುದರಿಂದ ಅದು ಒಳಗೇ ಗಟ್ಟಿಯಾಗಿ, ಒಣಗಿದ ಗಿಣ್ಣಿನಂತಹ ಉಂಡೆಯಾಗಿ ಉಳಿಯುತ್ತದೆ. ಹಿಸುಕಿದರೆ ಆ ಉಂಡೆ ಹೊರಬರುವುದರ ಬದಲು ಸೋಂಕು ಸ್ನಾಯುರಜ್ಜುಗಳ ಹಾಗೂ ಕೀಲುಗಳ ಕಡೆಗೆ ಹೊರಳುತ್ತದೆ. ಬ್ಲೇಡಿನಿಂದ ಕೊಯ್ದು ಉಂಡೆಯನ್ನು ತೆಗೆಯುವುದು ಅರಿವಳಿಕೆ ಕೊಡಬಲ್ಲ ಪಶುವೈದ್ಯರ ಕೆಲಸ. ಮನೆಯಲ್ಲಿ ನಾವು ನೋಡಿಕೊಳ್ಳಬಹುದಾದದ್ದು ತರಚುಗಾಯ, ಮೇಲ್ಮೈಯ ಹುಣ್ಣು ಮತ್ತು ಊತ ಇನ್ನೂ ಬಲಿಯದ ಸಣ್ಣ ಹಕ್ಕಳೆಗಳನ್ನು ಮಾತ್ರ.

ಚಿಕಿತ್ಸೆಯ ಮೊದಲ ಹೆಜ್ಜೆ ನೆನೆಸುವುದು. ಅಗಲವಾದ ಬೋಗುಣಿಯಲ್ಲಿ ಕೋಳಿಯ ಪಾದ ಮುಳುಗುವಷ್ಟು ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಲೀಟರಿಗೆ 2 ದೊಡ್ಡ ಚಮಚದಂತೆ ಎಪ್ಸಮ್ ಉಪ್ಪನ್ನು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ, ಅದರಲ್ಲಿ ಕೋಳಿಯನ್ನು 10ರಿಂದ 15 ನಿಮಿಷ ನಿಲ್ಲಿಸಬೇಕು. ಮುಂಗೈಗೆ ಹಿತವೆನಿಸುವ ಬಿಸಿ ಸಾಕು. ಕಣ್ಣಿನ ಮೇಲೆ ಬಟ್ಟೆಯ ನೆರಳು ಬಿದ್ದರೆ ಕೋಳಿ ಶಾಂತವಾಗಿ ನಿಲ್ಲುತ್ತದೆ. ಈ ಉಪ್ಪು ಭೇದಿ ಮಾಡಿಸುವಂತಹದ್ದು, ಆದ್ದರಿಂದ ಆ ನೀರನ್ನು ಕುಡಿಯದಂತೆ ನೋಡಿಕೊಳ್ಳಬೇಕು. ನೆನೆದ ಮೇಲೆ ಹಳೆಯ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಬೆರಳುಗಳ ಸಂದಿಯ ಹಿಕ್ಕೆಯನ್ನೂ ಮಣ್ಣನ್ನೂ ಬಿಡಿಸಿ, ಶುದ್ಧ ನೀರಿನಲ್ಲಿ ತೊಳೆಯಬೇಕು. ಮುಳ್ಳು ಕಣ್ಣಿಗೆ ಕಂಡರೆ ಕುದಿಸಿದ ಚಿಮಟದಿಂದ ಅದು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು. ಹಕ್ಕಳೆ ಮೆತ್ತಗಾಗಿ ತಾನೇ ಬಿಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಕೀಳಬಾರದು. ಮತ್ತೆರಡು ದಿನ ನೆನೆಸಿದರೆ ಅಂಚಿನಿಂದ ಸಡಿಲವಾಗುತ್ತದೆ.

ಅನಂತರ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹುಣ್ಣಿನ ಮೇಲೆ ಸುರಿದು, ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಗಾಢವಾಗಿ ಹಚ್ಚಿದರೆ ಹೆಚ್ಚು ಗುಣವೆಂಬುದು ತಪ್ಪು, ಹೊಸದಾಗಿ ಕೂಡುತ್ತಿರುವ ಚರ್ಮವೂ ಸುಡುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಬಳಸಬಾರದೆಂಬುದಕ್ಕೂ ಕಾರಣ ಇದೇ. ಚೆನ್ನಾಗಿ ಒಣಗಿದ ಮೇಲೆ ಗಾಯಕ್ಕೆ ಹಚ್ಚುವ ಸಾಧಾರಣ ಪ್ರತಿಜೀವಕ ಮುಲಾಮನ್ನು ತೆಳುವಾಗಿ ಸವರಬಹುದು, ಆದರೆ ನೋವು ಮರಗಟ್ಟಿಸುವ ಔಷಧಿ ಬೆರೆತ ಮುಲಾಮು ಬೇಡ, ಅದು ಕೋಳಿಗೆ ವಿಷವಾಗಬಹುದು. ಕೊಳ್ಳುವಾಗ ಕೊಳವೆಯ ಮೇಲಿನ ಘಟಕಗಳ ಪಟ್ಟಿಯನ್ನು ಓದಬೇಕು.

ಕಟ್ಟು ಕಟ್ಟುವುದರಲ್ಲಿ ತಾಳ್ಮೆ ಬೇಕು. ಹುಣ್ಣಿನ ಮೇಲೆ ಅಂಟದಂತಹ ಸಣ್ಣ ಗಾಜ್ ತುಂಡನ್ನು ಇಟ್ಟು, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜನ್ನು ಒಂದು ಬೆರಳಿನಷ್ಟು ಅಗಲಕ್ಕೆ ಕತ್ತರಿಸಿಕೊಂಡು, ಮುಂದಿನ ಎರಡು ಬೆರಳುಗಳ ಸಂದಿಯಿಂದ ತಂದು ಅಂಗಾಲನ್ನು ದಾಟಿಸಿ, ಕಾಲಿನ ಹಿಂಬದಿಗೆ ಒಯ್ದು, ಪಕ್ಕದ ಸಂದಿಯಿಂದ ಮತ್ತೆ ಅಂಗಾಲಿಗೆ ತರಬೇಕು. ಪಟ್ಟಿಯನ್ನು ಎಳೆದು ಸುತ್ತದೆ, ಮೊದಲು ಸುರುಳಿಯಿಂದ ಬಿಡಿಸಿ ಸಡಿಲ ಮಾಡಿಕೊಂಡು ಮಲಗಿಸಿದಂತೆ ಸುತ್ತಬೇಕು. ಉಗುರುಗಳು ಹೊರಗೆ ಕಾಣುತ್ತಿರಲಿ. ಅರ್ಧ ಗಂಟೆಯ ನಂತರ ಬೆರಳ ತುದಿ ತಣ್ಣಗಾಗಿದ್ದರೆ, ಊದಿದ್ದರೆ ಅಥವಾ ಬಣ್ಣ ತಿರುಗಿದ್ದರೆ ಕಟ್ಟು ಬಿಗಿಯಾಯಿತೆಂದು ಅರ್ಥ, ತಡಮಾಡದೆ ಬಿಚ್ಚಿ ಮತ್ತೆ ಕಟ್ಟಬೇಕು. ಮೊದಲ ಮೂರ್ನಾಲ್ಕು ದಿನ ನಿತ್ಯವೂ, ಆಮೇಲೆ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ ಆ ಕ್ಷಣವೇ ಬದಲಿಸಬೇಕು, ಏಕೆಂದರೆ ಒದ್ದೆಯ ಕಟ್ಟು ಕಟ್ಟಿಲ್ಲದಿರುವುದಕ್ಕಿಂತ ಕೆಟ್ಟದ್ದು.

ಕೆಂಪು ಕಂಡಲ್ಲಿ ಕೋಳಿಗಳು ಕುಕ್ಕುತ್ತವೆ. ಹಾಗಾಗಿ ಗಾಯಗೊಂಡ ಕೋಳಿಯನ್ನು ಪ್ರತ್ಯೇಕವಾಗಿಡಬೇಕು, ಆದರೆ ಜೊತೆಗಾರರು ಕಾಣುವ ಜಾಗದಲ್ಲೇ ಇಡಬೇಕು. ಪೂರ್ತಿ ಒಂಟಿಯಾದ ಕೋಳಿ ಮೇವು ಬಿಡುತ್ತದೆ, ಗುಂಪಿಗೆ ಮರಳಿದಾಗ ಜಗಳವೂ ಆಗುತ್ತದೆ. ನೆಲಕ್ಕೆ ಒಣಗಿದ ದಪ್ಪ ಹಾಸು, ಕೈಗೆಟಕುವಷ್ಟು ಹತ್ತಿರದಲ್ಲಿ ನೀರು ಮತ್ತು ಮೇವು, ಇಷ್ಟು ಸಾಕು. ಈ ದಿನಗಳಲ್ಲಿ ಅಡ್ಡಗೋಲು ಬೇಡ.

ಇಷ್ಟೆಲ್ಲ ಮಾಡಿಯೂ ಕೋಳಿಯನ್ನು ಅದೇ ಒದ್ದೆ ನೆಲಕ್ಕೆ, ಅದೇ ಒರಟು ಕೋಲಿಗೆ ಬಿಟ್ಟರೆ ಹುಣ್ಣು ಮರಳಿ ಬರುತ್ತದೆ. ಮುಲಾಮಿಗಿಂತ ನೆಲವನ್ನು ಸರಿಪಡಿಸುವುದೇ ಮುಖ್ಯವೆಂದು ನಾನು ನಂಬಿದ್ದೇನೆ. ಸದಾ ಹಸಿಯಾಗಿರುವ ಹಿಕ್ಕೆ ಅಂಗಾಲಿನ ಚರ್ಮವನ್ನು ಮೆತ್ತಗಾಗಿಸುತ್ತದೆ. ಎತ್ತರದಿಂದ ಧುಮುಕಿದಾಗ ಬೀಳುವ ಪೆಟ್ಟು ಅದೇ ಮೆತ್ತಗಾದ ಚರ್ಮವನ್ನು ಸೀಳುತ್ತದೆ. ಸೋಂಕಿಗೆ ಬಾಗಿಲು ತೆರೆಯುವುದು ಹೀಗೆ. ಭಾರವಾದ ತಳಿಗಳಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಅಡ್ಡಗೋಲು ನೆಲದಿಂದ ಸುಮಾರು 45 ಸೆಂ.ಮೀ. ಎತ್ತರವನ್ನು ಮೀರದಿರಲಿ, 4ರಿಂದ 5 ಸೆಂ.ಮೀ. ಅಗಲವಿರಲಿ, ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ ದುಂಡಗೆ ಮಾಡಿರಲಿ. ಅಂಗೈಯನ್ನು ಕೋಲಿನುದ್ದಕ್ಕೂ ಸವರಿ ನೋಡಿದರೆ ಚಿಬರು ಎಲ್ಲಿದೆಯೆಂದು ತಿಳಿಯುತ್ತದೆ. ಬರೀ ಅಕ್ಕಿನುಚ್ಚು ತಿನ್ನುವ ಕೋಳಿಯಲ್ಲಿ ಎ ಜೀವಸತ್ವದ ಕೊರತೆಯಾಗಿ ಚರ್ಮ ದುರ್ಬಲವಾಗುವುದರಿಂದ ಹಸಿರು ಸೊಪ್ಪನ್ನೂ ಸಮತೋಲಿತ ಮೇವನ್ನೂ ಕೊಡಬೇಕು.

ಒಂದು ವಾರ ಕಳೆದರೂ ಊತ ಇಳಿಯದಿದ್ದರೆ, ಊತ ಬೆರಳಿಗೋ ಮೇಲಿನ ಕೀಲಿಗೋ ಏರಿದ್ದರೆ, ಗಾಯ ದುರ್ವಾಸನೆ ಬೀರಿದರೆ, ಹುಳ ಕಂಡರೆ, ಕೋಳಿ ಮೇವು ಬಿಟ್ಟರೆ ಮನೆಮದ್ದನ್ನು ಅಲ್ಲಿಗೇ ನಿಲ್ಲಿಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನುಷ್ಯರಿಗೆ ತಂದ ಪ್ರತಿಜೀವಕ ಮಾತ್ರೆಯನ್ನೋ ನೋವಿನ ಮಾತ್ರೆಯನ್ನೋ ಅಂದಾಜಿನಲ್ಲಿ ಕೊಡಬಾರದು. ಔಷಧಿ ಮೊಟ್ಟೆಗೂ ಮಾಂಸಕ್ಕೂ ಇಳಿಯುತ್ತದೆ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂಬುದನ್ನು ವೈದ್ಯರನ್ನೇ ಕೇಳಿ ತಿಳಿಯಬೇಕು. ಮುಲಾಮು ಹಚ್ಚುವಾಗಲೂ ಇದನ್ನು ಕೇಳಿಕೊಳ್ಳುವುದು ಒಳಿತು.

ಹುಣ್ಣಿದ್ದಲ್ಲಿ ಒಣಗಿದ, ನಸುಗೆಂಪು ಹೊಸ ಚರ್ಮ ಕೂಡಿಕೊಂಡು, ಒತ್ತಿದರೆ ಕೋಳಿ ಕಾಲೆಳೆದುಕೊಳ್ಳದಿದ್ದರೆ ಕಟ್ಟನ್ನು ತೆಗೆಯಬಹುದು. ಇನ್ನೂ ಎರಡು ದಿನ ಒಣಹಾಸಿನ ಮೇಲೆಯೇ ಇರಿಸಿಕೊಂಡು, ಮೂರನೆಯ ದಿನ ಕತ್ತಲಾದ ಮೇಲೆ ಉಳಿದ ಕೋಳಿಗಳ ಪಕ್ಕ ಕೂರಿಸಿದರೆ ಬೆಳಗಿನ ಹೊತ್ತಿಗೆ ಗುಂಪು ಅದನ್ನು ಹೆಚ್ಚು ತಕರಾರಿಲ್ಲದೆ ಸೇರಿಸಿಕೊಳ್ಳುತ್ತದೆ.